ಅಗ್ಗದ ಸರಕು ನೌಕೆ: ಏನೇನು ಬೇಡ ಅಂತ ಮೊದಲು ತೀರ್ಮಾನಿಸಿ

ಪ್ರಶ್ನೆ: ನಾವು ದಾವಣಗೆರೆಯ ಐದು ಜನ ಗೆಳೆಯರು. ಭಾನುವಾರ ಸಂಜೆ ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಹಾಕಿ ಕಥೆಯಾಟ ಆಡುತ್ತೇವೆ. ಮಾತೆಲ್ಲ ಕನ್ನಡದಲ್ಲೇ. ಈ ಸಲದ ಕಥೆ ಬಾಹ್ಯಾಕಾಶದ್ದು, ಕಾಲ 2190ರ ಸುಮಾರು. ಆಟ ನಡೆಸುವವನು ನಾನು. ಉಳಿದ ನಾಲ್ವರ ಕೈಗೆ ಸಾಲದಲ್ಲಿ ಕೊಂಡ ಒಂದು ಬಡ ಸರಕು ನೌಕೆ ಕೊಡಬೇಕು. ಭೂಮಿಯ ಕಕ್ಷೆಯಿಂದ ಚಂದ್ರನಿಗೆ ಸಾಮಾನು ಸಾಗಿಸುವುದು ಅವರ ಕಸುಬು. ಆದರೆ ನಾನು ಹೇಗೆ ಬರೆದರೂ ಅದು ಯುದ್ಧನೌಕೆಯ ಹಾಗೇ ಕಾಣುತ್ತದೆ. ಚಿತ್ರ ಕಳಿಸಿದ್ದೇನೆ. ವಿಜ್ಞಾನ ತೀರಾ ಸುಳ್ಳಾಗಬಾರದು, ಲೆಕ್ಕ ತಲೆನೋವಾಗಬಾರದು. ನೌಕೆ ಹೇಗಿರಬೇಕು, ಎಷ್ಟು ಜನ ಇರಬೇಕು, ಬೆಲೆ ಎಷ್ಟು ಇಡಲಿ?

ಉತ್ತರ: ಚಿತ್ರ ನೋಡಿದೆ. ರೆಕ್ಕೆ ಇದೆ, ಚೂಪು ಮೂಗು ಇದೆ, ಇಳಿಯೋಕೆ ಕಾಲು ಇದೆ, ಒಳಗೆ ಎಂಟು ಕೋಣೆ ಇದೆ. ಸರಕಿಗೆ ಮಾತ್ರ ಹಿಂದುಗಡೆ ಒಂದು ಚಿಕ್ಕ ಜಾಗ. ಯುದ್ಧನೌಕೆ ಥರ ಕಾಣೋದು ಅದಕ್ಕೇ. ಎಲ್ಲ ಕೆಲಸವನ್ನೂ ಮಾಡಬಲ್ಲ ನೌಕೆ ಯಾವತ್ತೂ ಅಗ್ಗವಾಗುವುದಿಲ್ಲ. ಹಾಗಾಗಿ ಈ ನೌಕೆ ಯಾವ್ಯಾವ ಕೆಲಸ ಮಾಡುವುದಿಲ್ಲ ಅಂತ ಮೊದಲು ಬರೆಯಿರಿ. ಆ ಪಟ್ಟಿ ಉದ್ದವಾದಷ್ಟೂ ಬೆಲೆ ಇಳಿಯುತ್ತದೆ. ನಿಮಗೆ ಇನ್ನೊಂದು ಲಾಭವೂ ಇದೆ. ನೌಕೆಗೆ ಆಗದ ಕೆಲಸಕ್ಕೆಲ್ಲ ಆಟಗಾರರು ಇನ್ಯಾರದೋ ಬಾಗಿಲು ತಟ್ಟಬೇಕು. ಕಥೆ ಹುಟ್ಟೋದೇ ಅಲ್ಲಿ.

ಮೊದಲು ಕಿತ್ತುಹಾಕಬೇಕಾದದ್ದು ನೆಲಕ್ಕಿಳಿಯುವ ಕೆಲಸ. ಇಳಿಯೋದು ಎಷ್ಟು ದುಬಾರಿ ಅಂತ ನೋಡೋಕೆ ನಮ್ಮ ಚಿತ್ರದುರ್ಗ ಜಿಲ್ಲೆ ದಾಟಬೇಕಿಲ್ಲ. ಚಳ್ಳಕೆರೆ ಹತ್ತಿರದ ಏರೋನಾಟಿಕಲ್ ಟೆಸ್ಟ್ ರೇಂಜ್‌ನಲ್ಲಿ ಇಸ್ರೋ ತನ್ನ ರೆಕ್ಕೆಯ ಮರುಬಳಕೆ ವಾಹನವನ್ನು ಮೂರು ಸಲ ಇಳಿಸಿ ನೋಡಿತು. ಮೊದಲನೆಯದು 2023ರ ಏಪ್ರಿಲ್ 2ರಂದು, ಮೂರನೆಯದು 2024ರ ಜೂನ್ 23ರಂದು. ಚಿನೂಕ್ ಹೆಲಿಕಾಪ್ಟರ್ ಅದನ್ನು ನಾಲ್ಕೂವರೆ ಕಿ.ಮೀ. ಎತ್ತರಕ್ಕೆ ಒಯ್ದು ಬಿಟ್ಟಿತು. ಅದು ತಾನೇ ದಾರಿ ಹಿಡಿದು ರನ್‌ವೇಗೆ ಬಂದು ಇಳಿಯಿತು. ಮೂರನೇ ಸಲ ನೆಲ ಮುಟ್ಟುವಾಗ ಗಂಟೆಗೆ 320 ಕಿ.ಮೀ.ಗಿಂತ ಜಾಸ್ತಿ ವೇಗವಿತ್ತು. ಪ್ಯಾರಾಚೂಟ್ ಬಿಚ್ಚಿ ವೇಗವನ್ನು ನೂರರ ಹತ್ತಿರಕ್ಕೆ ತಂದ ಮೇಲೆ ಚಕ್ರದ ಬ್ರೇಕ್ ಹಿಡಿಯಿತು. ರೆಕ್ಕೆ, ಚಕ್ರ, ಪ್ಯಾರಾಚೂಟ್, ದಾರಿ ನೋಡುವ ಉಪಕರಣ. ಇವು ಯಾವುವೂ ಒಂದು ಮೂಟೆ ಹೊರುವುದಿಲ್ಲ, ಅಲ್ವಾ? ಅದೂ ಇದು ಬರೀ ಕೊನೆಯ ನಾಲ್ಕೈದು ಕಿ.ಮೀ. ಮಾತು. ನಿಜವಾಗಿ ಕಕ್ಷೆಯಿಂದ ಬರುವುದಾದರೆ ಸೆಕೆಂಡಿಗೆ 7.7 ಕಿ.ಮೀ. ವೇಗವನ್ನು ಗಾಳಿಗೆ ಉಜ್ಜಿ ಕಳೆಯಬೇಕು. ಅದಕ್ಕೆ ಶಾಖದ ಕವಚ ಬೇರೆ.

ರಷ್ಯಾದ ಪ್ರೋಗ್ರೆಸ್ ಸರಕು ನೌಕೆ 1978ರಿಂದ ಓಡುತ್ತಿದೆ. ತೂಕ ಸುಮಾರು 7 ಟನ್, ಹೊರುವ ಸರಕು ಸುಮಾರು ಎರಡೂವರೆ ಟನ್. ಅದು ಇಳಿಯುವುದೇ ಇಲ್ಲ. ಬಾಹ್ಯಾಕಾಶ ನಿಲ್ದಾಣದ ಕಸ ತುಂಬಿಕೊಂಡು ವಾತಾವರಣದಲ್ಲಿ ಸುಟ್ಟುಹೋಗುತ್ತದೆ. ನಿಮ್ಮ ಆಟಗಾರರ ನೌಕೆ ಸುಟ್ಟುಹೋದರೆ ಕಥೆಯೂ ಮುಗಿಯುತ್ತದೆ, ಹಾಗಾಗಿ ಅಷ್ಟು ದೂರ ಬೇಡ. ಅದು ಕಕ್ಷೆಯಲ್ಲೇ ಹುಟ್ಟಿ ಕಕ್ಷೆಯಲ್ಲೇ ಗುಜರಿಗೆ ಹೋಗಲಿ. ಭೂಮಿಯಿಂದ ಮೇಲೆ ತರುವವರು ಬೇರೆ, ಚಂದ್ರನ ನೆಲಕ್ಕೆ ಇಳಿಸುವವರು ಬೇರೆ. ನಡುವಿನ ದಾರಿ ಮಾತ್ರ ನಿಮ್ಮವರದ್ದು.

ಇಳಿಯುವುದಿಲ್ಲ ಅಂದ ಮೇಲೆ ಚೂಪು ಮೂಗು ಯಾಕೆ? ಅಲ್ಲಿ ಗಾಳಿಯೇ ಇಲ್ಲ. ನೌಕೆಯ ಬೆನ್ನೆಲುಬು ಒಂದು ಉದ್ದನೆಯ ಕಬ್ಬಿಣದ ಜಾಲರಿ ಆಗಿರಲಿ, ಮೊಬೈಲ್ ಟವರ್ ಅಡ್ಡ ಮಲಗಿಸಿದ ಆಕಾರ. ಹಿಂದೆ ಎಂಜಿನ್, ಅದರ ಮುಂದೆ ಟ್ಯಾಂಕು, ತುದಿಯಲ್ಲಿ ನಾಲ್ಕು ಜನರ ಕ್ಯಾಬಿನ್. ಸರಕೆಲ್ಲ ಜಾಲರಿಯ ಎರಡೂ ಬದಿ ಹೊರಗೇ ಕಚ್ಚಿಕೊಂಡಿರುತ್ತದೆ. ನೋಡೋಕೆ ಚೆನ್ನಾಗಿರುವುದಿಲ್ಲ. ಇರಬಾರದು ಕೂಡ.

ಸರಕು ಹೊರಗೇ ಇರಲಿ ಅನ್ನೋದಕ್ಕೆ ಗಟ್ಟಿ ಕಾರಣವಿದೆ. ನಮ್ಮ ಹೆದ್ದಾರಿಯಲ್ಲಿ ಓಡುವ 20 ಅಡಿ ಕಂಟೇನರ್‌ ತೆಗೆದುಕೊಳ್ಳಿ. ಅದರ ಬಾಗಿಲ ಕಡೆಯ ಗೋಡೆ ಸುಮಾರು 2.4 ಮೀಟರ್ ಅಗಲ, 2.6 ಮೀಟರ್ ಎತ್ತರ. ಒಳಗೆ ನಾವು ಉಸಿರಾಡುವಷ್ಟು ಗಾಳಿ ತುಂಬಿ ಬಾಹ್ಯಾಕಾಶದಲ್ಲಿಟ್ಟರೆ ಆ ಒಂದು ಗೋಡೆಯ ಮೇಲೆ 60 ಟನ್‌ಗಿಂತ ಜಾಸ್ತಿ ಒತ್ತಡ ಬೀಳುತ್ತದೆ. ಬಾಗಿಲು ಕಿತ್ತು ಹಾರಿಹೋಗುತ್ತದೆ. ಗಾಳಿ ಹಿಡಿಯುವ ಪಾತ್ರೆ ಉರುಳೆಯಂಥ ದುಂಡನೆಯ ಆಕಾರದ್ದಾಗಬೇಕು, ಅದು ದುಬಾರಿ. ಅದಕ್ಕೇ ನಿಮ್ಮ ನೌಕೆ ಮುಖ್ಯವಾಗಿ ಗಾಳಿ ಬೇಡದ ಸರಕು ಹೊರಲಿ: ಯಂತ್ರದ ಭಾಗ, ಕಂಬಿ, ಪೈಪು, ಸೌರಫಲಕ. ಬಿತ್ತನೆ ಬೀಜ, ಔಷಧಿ, ಊಟದ ಸಾಮಾನಿಗೆ ಅಂತ ಒಂದೇ ಒಂದು ಗಾಳಿ ಹಿಡಿಯುವ ಡ್ರಮ್ ಇರಲಿ. ಆ ಒಂದು ಡ್ರಮ್‌ನ ಜಾಗಕ್ಕೆ ಮೂರು ಜನ ವ್ಯಾಪಾರಿಗಳು ಜಗಳ ಆಡಿದರೆ ನಿಮಗೆ ಒಂದು ಸಂಜೆಯ ಆಟ ಸಿಕ್ಕಿತು.

ಕಂಟೇನರ್ ಅಳತೆ ಮಾತ್ರ ಎಲ್ಲ ಬಂದರಿನಲ್ಲೂ ಒಂದೇ ಇರಲಿ. ಭೂಮಿಯ ಮೇಲೆ ಹಡಗಿನ ಸಾಗಾಣಿಕೆ ಅಗ್ಗವಾದದ್ದು ವೇಗದ ಎಂಜಿನ್‌ನಿಂದ ಅಲ್ಲ, ಪೆಟ್ಟಿಗೆಯಿಂದ. 1956ರ ಏಪ್ರಿಲ್ 26ರಂದು ಮಾಲ್ಕಮ್ ಮೆಕ್‌ಲೀನ್ ಎಂಬ ಲಾರಿ ಮಾಲೀಕನ ಹಡಗು ಅಮೆರಿಕದ ನ್ಯೂವಾರ್ಕ್‌ನಿಂದ ಹ್ಯೂಸ್ಟನ್‌ಗೆ 58 ಪೆಟ್ಟಿಗೆ ಹೊತ್ತು ಹೊರಟಿತು. ಆವಾಗ ಬಿಡಿ ಸರಕನ್ನು ಹಡಗಿಗೆ ತುಂಬಲು ಟನ್ನಿಗೆ 5.86 ಡಾಲರ್ ಆಗುತ್ತಿತ್ತು. ಪೆಟ್ಟಿಗೆಯಲ್ಲಿ ತುಂಬಿದರೆ ಸುಮಾರು 16 ಸೆಂಟ್. ಹಮಾಲಿ ಖರ್ಚು ಏನು ಮಾಡುತ್ತೆ ಅಂತ ದಾವಣಗೆರೆಯವರಿಗೆ ನಾನು ಹೇಳಬೇಕಾ?

ತುಂಬುವಾಗ ಒಂದು ತೊಡಕು ಇದೆ, ಅದನ್ನು ಆಟದಲ್ಲಿ ಬಿಡಬೇಡಿ. ಎಂಜಿನ್ ತಳ್ಳುವ ಗೆರೆ ನೌಕೆಯ ತೂಕದ ನಡುಬಿಂದುವಿನ ಮೂಲಕವೇ ಹಾಯಬೇಕು. ಎಡಕ್ಕೆ ಭಾರ ಜಾಸ್ತಿಯಾದರೆ ಎಂಜಿನ್ ಹಚ್ಚಿದ ಕೂಡಲೇ ನೌಕೆ ಗಿರಗಿರ ತಿರುಗಲು ನೋಡುತ್ತದೆ. ಎಂಜಿನ್ನಿನ ಬಾಯನ್ನು ಕೆಲವು ಡಿಗ್ರಿ ಓರೆ ಮಾಡಿ ಸರಿದೂಗಿಸಬಹುದು, ಅದಕ್ಕಿಂತ ಜಾಸ್ತಿ ಆಗುವುದಿಲ್ಲ. ಯಾರೋ ತೂಕದ ಚೀಟಿಯಲ್ಲಿ ಸುಳ್ಳು ಬರೆದಿದ್ದರೆ ಅದು ಗೊತ್ತಾಗುವುದು ಹೊರಟ ಮೇಲೆ. ಆ ಕಂಟೇನರ್‌ನಲ್ಲಿ ನಿಜಕ್ಕೂ ಏನಿತ್ತು ಅಂತ ಆಟಗಾರರು ಹುಡುಕಿಕೊಳ್ಳಲಿ.

ಈಗ ಎಂಜಿನ್. ಲೆಕ್ಕ ಇರುವುದೇ ಇಲ್ಲಿ, ಸ್ವಲ್ಪ ತಡೆದುಕೊಳ್ಳಿ.

ಭೂಮಿಯ ಕೆಳಗಿನ ಕಕ್ಷೆಯಿಂದ ಚಂದ್ರನ ಕಕ್ಷೆಗೆ ಹೋಗಿ ನಿಲ್ಲಲು ಒಟ್ಟು ಸೆಕೆಂಡಿಗೆ 4 ಕಿ.ಮೀ.ಯಷ್ಟು ವೇಗ ಬದಲಿಸಬೇಕು. ಹೊರಡುವಾಗ 3.1, ಅಲ್ಲಿ ನಿಲ್ಲುವಾಗ 0.9. ಮೀಥೇನ್ ಮತ್ತು ಆಕ್ಸಿಜನ್ ಉರಿಸುವ ಎಂಜಿನ್ನಿನಿಂದ ಅನಿಲ ಸೆಕೆಂಡಿಗೆ ಸುಮಾರು 3.6 ಕಿ.ಮೀ. ವೇಗದಲ್ಲಿ ಹೊರಬರುತ್ತದೆ. ಈ ಎರಡು ಅಂಕಿ ಸಿಕ್ಕರೆ ಸಾಕು. ರಷ್ಯಾದ ತ್ಸಿಯೋಲ್ಕೋವ್‌ಸ್ಕಿ 1903ರಲ್ಲಿ ಪ್ರಕಟಿಸಿದ ಸೂತ್ರ ಉಳಿದದ್ದನ್ನು ಹೇಳುತ್ತದೆ. ಸೂತ್ರ ಬಿಡಿ, ಉತ್ತರ ಮಾತ್ರ ಇಟ್ಟುಕೊಳ್ಳಿ: ನೌಕೆ ಮತ್ತು ಸರಕು ಸೇರಿ ಎಷ್ಟು ತೂಕವೋ ಅದರ ಎರಡು ಪಟ್ಟಿಗಿಂತ ಚೂರು ಜಾಸ್ತಿ, ಅಂದರೆ 2.04 ಪಟ್ಟು ಇಂಧನ ಬೇಕು. ಇಂಧನ ಅಂದಾಗೆಲ್ಲ ಮೀಥೇನ್ ಮತ್ತು ಆಕ್ಸಿಜನ್ ಎರಡೂ ಸೇರಿದ್ದು ಅಂತ ತಿಳಿಯಿರಿ.

ಬೇರೆ ಎಂಜಿನ್ ಯಾಕಾಗಬಾರದು ಅಂತ ನಿಮ್ಮಲ್ಲೊಬ್ಬರು ಕೇಳಿಯೇ ಕೇಳುತ್ತಾರೆ. ಹೈಡ್ರೋಜನ್ ಉರಿಸಿದರೆ ಇಂಧನದ ತೂಕ ಇಳಿಯುತ್ತದೆ. ಆದರೆ ದ್ರವ ಹೈಡ್ರೋಜನ್ ಒಂದು ಘನ ಮೀಟರಿಗೆ ಬರೀ 71 ಕಿಲೋ ತೂಗುತ್ತದೆ, ಮೈನಸ್ 253 ಡಿಗ್ರಿಯಲ್ಲಿ ಇಡಬೇಕು. ಟ್ಯಾಂಕು ಬೆಟ್ಟದಷ್ಟಾಗುತ್ತದೆ. ಅಣು ಎಂಜಿನ್ ಇನ್ನೂ ಮೇಲು, ಅಮೆರಿಕ 1960ರ ದಶಕದಲ್ಲೇ ನೆಲದ ಮೇಲೆ ಓಡಿಸಿ ನೋಡಿದೆ. ಆದರೆ ಅಣು ಎಂಜಿನ್ ಇರುವ ನೌಕೆಗೆ ಬಡವರ ನೌಕೆ ಅಂತ ಯಾರು ಹೇಳುತ್ತಾರೆ? ವಿಮೆಯವನೇ ಕೊಲ್ಲುತ್ತಾನೆ. ವಿದ್ಯುತ್ತಿನಿಂದ ಕಣಗಳನ್ನು ದೂಡಿ ನಿಧಾನವಾಗಿ ತಳ್ಳುವ ಅಯಾನ್ ಎಂಜಿನ್ ಇಂಧನ ತಿನ್ನುವುದೇ ಇಲ್ಲ ಅನ್ನಬಹುದು. ಯುರೋಪಿನ ಸ್ಮಾರ್ಟ್-1 ನೌಕೆ ಹಾಗೆ ಚಂದ್ರನಿಗೆ ಹೋಯಿತು. 2003ರ ಸೆಪ್ಟೆಂಬರ್‌ನಲ್ಲಿ ಹೊರಟು ತಲುಪಿದ್ದು 2004ರ ನವೆಂಬರ್‌ನಲ್ಲಿ. ಆಟಗಾರರು ಅಷ್ಟು ತಿಂಗಳು ಇಸ್ಪೀಟಾಡಬೇಕು. ಮೀಥೇನ್ ಇರಲಿ.

ನೌಕೆಯ ಖಾಲಿ ತೂಕ 30 ಟನ್, ಸರಕು 70 ಟನ್ ಅಂತಿಟ್ಟುಕೊಳ್ಳಿ. ಹೋಗಲು 204 ಟನ್ ಇಂಧನ. ಖಾಲಿ ವಾಪಸ್ ಬರಲು 61 ಟನ್. ಒಟ್ಟು 265 ಅಂತ ಕೂಡಿಸಿದರೆ ತಪ್ಪು. ವಾಪಸ್ ಬರುವ 61 ಟನ್ ಇಂಧನವನ್ನೂ ಇಲ್ಲಿಂದಲೇ ಹೊತ್ತೊಯ್ಯಬೇಕಲ್ಲ? ಹೋಗುವಾಗ ಅದೂ ಒಂದು ಸರಕೇ. ಅದನ್ನು ಹೊರಲು ಮತ್ತೆ ಇಂಧನ. ಸರಿಯಾಗಿ ಲೆಕ್ಕ ಹಾಕಿದರೆ ಭೂಮಿಯ ಕಕ್ಷೆಯಲ್ಲಿ 390 ಟನ್ ತುಂಬಿಸಬೇಕು.

ಈಗ ಚಂದ್ರನ ಕಕ್ಷೆಯಲ್ಲಿ ಒಂದು ಬಂಕ್ ಇಡಿ. ಚಂದ್ರನ ಮಣ್ಣಿನ ತೂಕದಲ್ಲಿ ನೂರಕ್ಕೆ ನಲವತ್ತಕ್ಕಿಂತ ಜಾಸ್ತಿ ಆಕ್ಸಿಜನ್ನೇ, ಕಲ್ಲಿನೊಳಗೆ ಸೇರಿಕೊಂಡಿರುತ್ತದೆ. ಕಾಯಿಸಿ ಬೇರ್ಪಡಿಸಿದರೆ ಸಿಗುತ್ತದೆ. ಮೀಥೇನ್‌ಗೆ ಬೇಕಾದ ಇಂಗಾಲ ಮಾತ್ರ ಅಲ್ಲಿ ತೀರಾ ಕಮ್ಮಿ. ಹಾಗಾಗಿ ನಿಮ್ಮ ಬಂಕಿನಲ್ಲಿ ಆಕ್ಸಿಜನ್ ಮಾತ್ರ ಮಾರಾಟಕ್ಕಿದೆ. ಪರವಾಗಿಲ್ಲ. ಈ ಎಂಜಿನ್ನು ಒಂದು ಟನ್ ಮೀಥೇನ್‌ಗೆ 3.6 ಟನ್ ಆಕ್ಸಿಜನ್ ಕುಡಿಯುತ್ತದೆ. ವಾಪಸಿನ 61 ಟನ್‌ನಲ್ಲಿ ಮೀಥೇನ್ 13 ಟನ್ ಅಷ್ಟೇ. ಅದೊಂದನ್ನು ಮಾತ್ರ ಇಲ್ಲಿಂದ ಒಯ್ದು, 48 ಟನ್ ಆಕ್ಸಿಜನ್ ಅಲ್ಲೇ ಕೊಂಡರೆ, ಭೂಮಿಯ ಕಕ್ಷೆಯಲ್ಲಿ ತುಂಬಿಸಬೇಕಾದದ್ದು 390ರಿಂದ 244 ಟನ್‌ಗೆ ಇಳಿಯುತ್ತದೆ. ಎಂಜಿನ್ ಅದೇ, ಸರಕು ಅದೇ. ಟ್ಯಾಂಕು ಚಿಕ್ಕದಾಯಿತು, ನೌಕೆ ಅಗ್ಗವಾಯಿತು. ಅಗ್ಗದ ನೌಕೆಯ ಅರ್ಧ ನೌಕೆಯೊಳಗೆ ಇರುವುದಿಲ್ಲ, ಬಂದರಿನಲ್ಲಿರುತ್ತದೆ. ಆ ಬಂಕ್ ಮುಚ್ಚಿದ ದಿನ ನಿಮ್ಮ ಆಟಗಾರರ ಗತಿ ಏನು ಅಂತ ಮುಂದೆ ಹೇಳುತ್ತೇನೆ.

ಬಾಡಿಗೆಯ ವಿಷಯಕ್ಕೆ ಬಂದರೆ, ಪಿ.ಬಿ. ರೋಡಿನ ಯಾವುದಾದರೂ ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಅರ್ಧ ಗಂಟೆ ಕೂತು ಬನ್ನಿ, ಆಟಕ್ಕೆ ಬೇಕಾದ ಮಾತುಕತೆ ಎಲ್ಲ ಅಲ್ಲೇ ಸಿಗುತ್ತದೆ. ಫೈನಾನ್ಸ್ ಕಂತು, ಬ್ರೋಕರ್ ಕಮಿಷನ್, ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಅನ್ನುವ ಸರ್ಟಿಫಿಕೇಟ್), ರಿಟರ್ನ್ ಲೋಡ್. ಆದರೆ ಎರಡು ಕಡೆ ಲಾರಿಯ ಬುದ್ಧಿ ನೌಕೆಗೆ ನಡೆಯುವುದಿಲ್ಲ. ಒಂದು, ಮಂಡಕ್ಕಿ. ಲಾರಿಗೆ ಮಂಡಕ್ಕಿ ತುಂಬಿದರೆ ತೂಕ ಆಗುವ ಮೊದಲೇ ಜಾಗ ಮುಗಿಯುತ್ತದೆ. ಹೊಸದುರ್ಗದ ಕಡೆಯ ಅದಿರು ತುಂಬಿದರೆ ಜಾಗ ಇದ್ದಂತೆಯೇ ತೂಕ ಮುಗಿಯುತ್ತದೆ. ನೌಕೆಗೆ ಜಾಗ ಅನ್ನೋದು ದೊಡ್ಡ ಖರ್ಚೇ ಅಲ್ಲ, ಜಾಲರಿಯನ್ನು ಇನ್ನೊಂದಿಷ್ಟು ಉದ್ದ ಮಾಡಿದರಾಯಿತು. ಹತ್ತು ಟನ್ ಮಂಡಕ್ಕಿ, ಹತ್ತು ಟನ್ ಅದಿರು, ಎರಡಕ್ಕೂ ಇಂಧನ ಒಂದೇ.

ಎರಡನೆಯದು ರಿಟರ್ನ್ ಲೋಡ್. ಲಾರಿ ಖಾಲಿ ಬಂದರೂ ಡೀಸೆಲ್ ಸುಡಲೇಬೇಕು, ಟೋಲಂತೂ ಕಟ್ಟಲೇಬೇಕು. ಅದಕ್ಕೇ ಡ್ರೈವರ್‌ಗಳು ಸಿಕ್ಕಿದ್ದನ್ನು ಹತ್ತಿಸಿಕೊಂಡು ಬರುತ್ತಾರೆ. ನೌಕೆಯಲ್ಲಿ ಹಾಗಲ್ಲ, ವಾಪಸ್ ತರುವ ಪ್ರತಿ ಟನ್ನಿಗೂ ಎರಡು ಟನ್ ಇಂಧನ ಹೆಚ್ಚಿಗೆ ಬೇಕು. ಅದರ ಮೀಥೇನ್ ಭಾಗವನ್ನು ಹೊರಡುವಾಗಲೇ ತುಂಬಿಕೊಂಡಿರಬೇಕು. ಅಂದರೆ ರಿಟರ್ನ್ ಲೋಡ್ ಹೊರಡುವ ಮೊದಲೇ ಗೊತ್ತಾಗಿರಬೇಕು. ಚಂದ್ರನಲ್ಲಿ ಯಾರೋ ಗುಟ್ಟಾಗಿ ಬಂದು "ಐದು ಟನ್ ಇದೆ, ಒಳ್ಳೇ ದುಡ್ಡು ಕೊಡ್ತೀನಿ" ಅಂದರೆ ಆಟಗಾರರು ಬಾಯಿ ಬಿಡುವಂತಿಲ್ಲ, ಮೀಥೇನ್ ಸಾಲುವುದಿಲ್ಲ. ಏನನ್ನಾದರೂ ಅಲ್ಲೇ ಬಿಟ್ಟು ಬರಬೇಕು. ಏನನ್ನು ಬಿಡ್ತಾರೆ ಅಂತ ನೋಡೋಕೆ ಮಜಾ ಇರುತ್ತದೆ.

ಸಿಬ್ಬಂದಿ ಎಷ್ಟು ಅಂತ ಕೇಳಿದ್ದೀರಿ. ಪ್ರಾಮಾಣಿಕ ಉತ್ತರ ಸೊನ್ನೆ. ಪ್ರೋಗ್ರೆಸ್ 1978ರಲ್ಲೇ ಮನುಷ್ಯರಿಲ್ಲದೆ ಹೋಗಿ ನಿಲ್ದಾಣಕ್ಕೆ ಅಂಟಿಕೊಳ್ಳುತ್ತಿತ್ತು. ಚಂದ್ರನಿಗೆ ರೇಡಿಯೋ ಮಾತು ತಲುಪಲು ಒಂದೂಕಾಲು ಸೆಕೆಂಡ್ ಸಾಕು, ಭೂಮಿಯಲ್ಲಿ ಕೂತೇ ನಡೆಸಬಹುದು. ಹಾಗಾಗಿ ನಿಮ್ಮ ನಾಲ್ವರು ಒಳಗೆ ಯಾಕಿದ್ದಾರೆ ಅನ್ನೋದಕ್ಕೆ ಕಾರಣ ಕಟ್ಟಲೇಬೇಕು. ನನಗೆ ಹಿಡಿಸುವುದು ಇದು: ನೌಕೆ ಹಳೆಯದು, ತಾನೇ ಅಂಟಿಕೊಳ್ಳುವ ಯಂತ್ರದ ಲೈಸೆನ್ಸ್ ನವೀಕರಿಸಲು ದುಡ್ಡಿಲ್ಲ, ಮನುಷ್ಯರ ಕೂಲಿಯೇ ಅದಕ್ಕಿಂತ ಅಗ್ಗ. ಕೈಯಲ್ಲೇ ನಡೆಸಿ ಅಂಟಿಸಬೇಕು. ಅದು ಸುಮ್ನೆ ಮಾತಲ್ಲ. 1997ರ ಜೂನ್ 25ರಂದು ರಷ್ಯಾದ ಮೀರ್ ನಿಲ್ದಾಣಕ್ಕೆ ಒಂದು ಪ್ರೋಗ್ರೆಸ್ ನೌಕೆಯನ್ನು ದೂರದಿಂದ ಕೈಯಲ್ಲಿ ನಡೆಸಿ ಅಂಟಿಸಲು ಹೋದಾಗ ಅದು ಡಿಕ್ಕಿ ಹೊಡೆಯಿತು. ಸ್ಪೆಕ್ಟರ್ ಎಂಬ ಭಾಗ ತೂತಾಗಿ ಗಾಳಿ ಸೋರಿತು. ಒಳಗಿದ್ದವರು ಅಡ್ಡ ಬರುತ್ತಿದ್ದ ಕೇಬಲ್‌ಗಳನ್ನು ತೆಗೆದು ಆ ಭಾಗದ ಬಾಗಿಲು ಮುಚ್ಚಿ ಬದುಕಿಕೊಂಡರು. ನಿಮ್ಮ ಆಟದಲ್ಲಿ ಗುಂಡು ಹಾರಿಸುವ ದೃಶ್ಯಕ್ಕಿಂತ ಬಂದರಿಗೆ ಅಂಟಿಕೊಳ್ಳುವ ದೃಶ್ಯಕ್ಕೆ ದಾಳ ಜಾಸ್ತಿ ಹಾಕಿಸಿ.

ಇನ್ನೊಂದು ಅಪಾಯ ಸೂರ್ಯನ ಬಿರುಗಾಳಿ, ಅಂದರೆ ಸೂರ್ಯನಿಂದ ಸಿಡಿದು ಬರುವ, ಮೈಗೆ ಕೆಡುಕಾದ ವಿಕಿರಣ. 1972ರ ಆಗಸ್ಟ್‌ನಲ್ಲಿ, ಅಪೋಲೋ 16 ಚಂದ್ರನಿಂದ ಬಂದ ಮೇಲೆ, ಅಪೋಲೋ 17 ಹೊರಡುವ ಮುಂಚೆ, ದೊಡ್ಡದೊಂದು ಬೀಸಿತು. ಆವಾಗ ಯಾರೂ ದಾರಿಯಲ್ಲಿರಲಿಲ್ಲ, ಪುಣ್ಯ. ಕ್ಯಾಬಿನ್ ಸುತ್ತ ದಪ್ಪ ಕವಚ ಕಟ್ಟಿದರೆ ತೂಕ, ಅದಕ್ಕೆ ದುಡ್ಡು. ಬಡ ನೌಕೆಯವರು ಕವಚ ಕಟ್ಟುವುದಿಲ್ಲ, ನೀರು ಮತ್ತು ಊಟದ ಸರಕನ್ನು ಕ್ಯಾಬಿನ್‌ಗೆ ತಾಗಿಸಿ ಜೋಡಿಸಿ ಅದರ ಹಿಂದೆ ಅಡಗುತ್ತಾರೆ. ಈ ಸಲ ಬರೀ ಕಂಬಿ ಲೋಡ್ ಆಗಿದ್ದರೆ ಏನು ಮಾಡುತ್ತಾರೆ? ಅದು ಅವರ ತಲೆಬಿಸಿ.

ಹಳೆಯ ನೌಕೆ ಎಲ್ಲಿಂದ ಬಂತು ಅನ್ನುವ ಕಥೆಗೆ ಲಿಬರ್ಟಿ ಹಡಗುಗಳನ್ನು ನೋಡಿ. ಎರಡನೇ ಮಹಾಯುದ್ಧದಲ್ಲಿ ಅಮೆರಿಕ ಒಂದೇ ಮಾದರಿಯ 2,710 ಸರಕು ಹಡಗು ಕಟ್ಟಿತು. ಹೊಸ ಟರ್ಬೈನ್‌ಗಳು ನೌಕಾಪಡೆಗೆ ಬೇಕಿದ್ದವು, ಹಾಗಾಗಿ ಇವುಗಳಿಗೆ ಹಿಂದಿನ ಶತಮಾನದ ಉಗಿ ಎಂಜಿನ್ ಹಾಕಿದರು. ವೇಗ 11 ನಾಟ್, ಅಂದರೆ ಗಂಟೆಗೆ ಸುಮಾರು 20 ಕಿ.ಮೀ. ಅಷ್ಟೇ. ಆದರೆ ಯಾವ ಕಾರ್ಖಾನೆ ಬೇಕಾದರೂ ಕಟ್ಟಬಹುದಿತ್ತು, ಯಾವ ಮೆಕ್ಯಾನಿಕ್ ಬೇಕಾದರೂ ರಿಪೇರಿ ಮಾಡಬಹುದಿತ್ತು. ಯುದ್ಧ ಮುಗಿದ ಮೇಲೆ ನೂರಾರು ಹಡಗುಗಳು ಕಮ್ಮಿ ಬೆಲೆಗೆ ಮಾರಾಟವಾಗಿ, ಗ್ರೀಸ್‌ನ ಹಡಗು ಮಾಲೀಕರು ಅವುಗಳಿಂದಲೇ ಮೇಲೆ ಬಂದರು. ನಿಮ್ಮ ಲೋಕದಲ್ಲೂ ಹಾಗೇ ಆಗಿರಲಿ. ಚಂದ್ರನಲ್ಲಿ ಊರು ಕಟ್ಟುವ ಭರಾಟೆಯಲ್ಲಿ ಸಾವಿರಾರು ಒಂದೇ ಮಾದರಿಯ ನೌಕೆ ಕಟ್ಟಿದರು, ಭರಾಟೆ ಮುಗಿಯಿತು, ಈಗ ಸೆಕೆಂಡ್ ಹ್ಯಾಂಡ್. ಬಿಡಿಭಾಗ ಎಲ್ಲ ಬಂದರಿನಲ್ಲೂ ಸಿಗುತ್ತದೆ. ಕದ್ದ ಬಿಡಿಭಾಗವೂ ಸಿಗುತ್ತದೆ.

ಬೆಲೆಗೆ ರೂಪಾಯಿ ಬೇಡ, ನೂರೈವತ್ತಕ್ಕೂ ಹೆಚ್ಚು ವರ್ಷ ಮುಂದಿನ ರೂಪಾಯಿ ಯಾರಿಗೂ ಅಂದಾಜಾಗುವುದಿಲ್ಲ. ವರಹ ಅಂತಿಡಿ, ನಮ್ಮ ಕಡೆಯವರಿಗೆ ಹೊಂದುತ್ತದೆ. ನೌಕೆಯ ಬೆಲೆ 24,000 ವರಹ. ತಿಂಗಳಿಗೆ ಅದರ 240ರಲ್ಲಿ ಒಂದು ಭಾಗ, ಅಂದರೆ 100 ವರಹ ಕಂತು, 40 ವರ್ಷ. ಇದು 1970ರ ದಶಕದ ಒಂದು ಹಳೇ ಆಟದ ನಿಯಮ, ಇವತ್ತಿಗೂ ಇದಕ್ಕಿಂತ ಚೆನ್ನಾಗಿ ಆಟಗಾರರನ್ನು ಓಡಾಡಿಸುವ ಉಪಾಯ ನಾನು ಕಂಡಿಲ್ಲ. ಲೆಕ್ಕ ಹಾಕಿ, ಕಂತಿನಲ್ಲೇ ಬೆಲೆಯ ಎರಡು ಪಟ್ಟು ಕಟ್ಟಿರುತ್ತಾರೆ.

ತಿಂಗಳಿಗೆ ಒಂದು ಟ್ರಿಪ್. ಹೋಗಲು ನಾಲ್ಕು ದಿನ, ಬರಲು ನಾಲ್ಕು ದಿನ, ಉಳಿದದ್ದು ತುಂಬುವುದು, ಇಳಿಸುವುದು, ಸರದಿ ಕಾಯುವುದು. ಬಾಡಿಗೆ ಟನ್ನಿಗೆ 10 ವರಹ, 70 ಟನ್ನಿಗೆ 700. ಭೂಮಿಯ ಕಕ್ಷೆಯಲ್ಲಿ ಇಂಧನ ಟನ್ನಿಗೆ ಒಂದೂವರೆ ವರಹ, 244 ಟನ್ನಿಗೆ 366. ಚಂದ್ರನ ಆಕ್ಸಿಜನ್ ಟನ್ನಿಗೆ ಒಂದು, 48. ಕೈಯಲ್ಲಿ 286 ಉಳಿಯಿತು. ಬಂದರಿನ ಶುಲ್ಕ 40, ನಾಲ್ವರ ಸಂಬಳ 80, ಕಂತು 100, ರಿಪೇರಿಗೆ 50. ಕೊನೆಗೆ ಉಳಿಯುವುದು 16 ವರಹ. ನಾಲ್ಕು ಜನ ಜಗಳ ಆಡೋಕೆ ಸರಿಯಾದ ಮೊತ್ತ.

ಈಗ ಚಂದ್ರನ ಆಕ್ಸಿಜನ್ ಬಂಕಿನಲ್ಲಿ ಮುಷ್ಕರ ಶುರು ಮಾಡಿಸಿ. ದೊಡ್ಡ ಟ್ಯಾಂಕಿನವರ ಹಾಗೆ ಪೂರ್ತಿ 390 ಟನ್ ಇಲ್ಲಿಂದಲೇ ಒಯ್ಯಬೇಕು. ಬಾಡಿಗೆ ಟ್ಯಾಂಕು ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ, ಇಂಧನಕ್ಕೇ 585 ವರಹ. ಉಳಿದದ್ದು 115. ಬಂದರು ಮತ್ತು ಸಂಬಳ ಕೊಡುವಷ್ಟರಲ್ಲಿ 5 ವರಹ ಸಾಲ, ಕಂತು ಇನ್ನೂ ಬಾಕಿ. ಒಂದು ಗುಂಡೂ ಹಾರಲಿಲ್ಲ, ನೌಕೆ ಜಪ್ತಿಯ ಅಂಚಿಗೆ ಬಂತು. ಅದೇ ಹೊತ್ತಿಗೆ ಗುಟ್ಟಿನ ಸರಕಿನವನನ್ನು ಇನ್ನೊಮ್ಮೆ ಕಳಿಸಿ. ರಿಟರ್ನ್ ಲೋಡ್‌ಗೆ ಅವರ ಖರ್ಚು ಮಾಮೂಲಿ ದಿನಗಳಲ್ಲಿ ಟನ್ನಿಗೆ ಸುಮಾರು ಮೂರೂವರೆ ವರಹ. ಮುಷ್ಕರದ ದಿನಗಳಲ್ಲಿ ಅದರ ಎರಡು ಪಟ್ಟಿಗಿಂತ ಜಾಸ್ತಿ. ಚೌಕಾಸಿ ಮಾಡಲು ನಿಮಗೆ ಈ ಎರಡು ಅಂಕಿ ಗೊತ್ತಿದ್ದರೆ ಸಾಕು.

ಮಂಗಳಕ್ಕೆ ಈ ನೌಕೆಯನ್ನು ಕಳಿಸಬೇಡಿ. ಅಲ್ಲಿಗೆ ಎಂಟೊಂಬತ್ತು ತಿಂಗಳ ದಾರಿ, ಹೊರಡಲು ಒಳ್ಳೆಯ ಸಮಯ ಬರುವುದು 26 ತಿಂಗಳಿಗೊಮ್ಮೆ. ಕ್ಯಾಬಿನ್, ಊಟ, ನೀರು ಎಲ್ಲದರ ಲೆಕ್ಕವೂ ಬದಲಾಗುತ್ತದೆ, ಅದಕ್ಕೆ ಬೇರೆಯೇ ನೌಕೆ ಬೇಕು.

ಸೂತ್ರಗಳನ್ನು ಆಟಗಾರರಿಗೆ ತೋರಿಸಬೇಡಿ. ಒಂದು ಕಾರ್ಡಿನಲ್ಲಿ ನಾಲ್ಕು ಸಾಲು ಬರೆದು ಮೇಜಿನ ಮೇಲಿಡಿ: ಖಾಲಿ ತೂಕ 30, ಸರಕು 70, ಒಂದು ಟನ್ ಸಾಗಿಸಲು ಎರಡು ಟನ್ ಇಂಧನ, ಕಂತು ತಿಂಗಳ ಐದನೇ ತಾರೀಕು. ಪೆನ್ಸಿಲ್ಲಿನಲ್ಲಿ ಬರೆಯಿರಿ, ಎರಡನೇ ವಾರಕ್ಕೇ ತಿದ್ದಬೇಕಾಗುತ್ತದೆ.